ಬರೀ ಬಿಸಿನೀರಿನ ಡಾಕ್ಟರು

ನನ್ನ ಸೊಪ್ಪಿನಲ್ಲಿ ಏನೂ ಇರಲಿಲ್ಲ. ನಿಜವಾಗಿ ಆದದ್ದು ಇಷ್ಟೇ. ಅದನ್ನು ಕಂಡುಹಿಡಿದವಳು ನನ್ನ ಮೊಮ್ಮಗಳು ರಂಜಿತಾ. ಕಂಡುಹಿಡಿದದ್ದನ್ನು ಹಾಗೇ ಬರೆದು ಅವಳು ಡಾಕ್ಟರಾದಳು. ಸೂಜಿ ಚುಚ್ಚುವ ಡಾಕ್ಟರಲ್ಲ. ಗಿಡಮೂಲಿಕೆಯನ್ನು ಅರೆದು, ಸೋಸಿ, ಸುಟ್ಟು, ಅದರೊಳಗೆ ಔಷಧಿ ಇದೆಯೋ ಇಲ್ಲವೋ ಎಂದು ನೋಡುವ ಡಾಕ್ಟರು. ಆ ವಿದ್ಯೆಗೆ ಫಾರ್ಮಕಾಗ್ನಸಿ ಎನ್ನುತ್ತಾರೆ. ಈ ಶಬ್ದವನ್ನು ಒಂದೇ ಉಸಿರಿನಲ್ಲಿ ಹೇಳುವವರು ನಮ್ಮ ಕೇರಿಯಲ್ಲಿ ಇಬ್ಬರೇ, ಅವಳು ಮತ್ತು ನಾನು. ನಾನು ನಾಲ್ಕನೇ ಇಯತ್ತೆ ಕಲಿತವಳು. ಆದರೂ ಹಟ ಹಿಡಿದು ಕಲಿತೆ, ಯಾರಾದರೂ ಕೇಳಿದಾಗ ತಡವರಿಸಬಾರದಲ್ಲ.

ಬೇಲೆಕೇರಿಯಲ್ಲಿ ಈಗ ಬೇರೆ ಬೇರೆ ಕತೆ ಓಡಾಡುತ್ತಿವೆ. ಅಜ್ಜಿಯ ಔಷಧಿಯನ್ನು ಯಾವುದೋ ಕಂಪನಿ ಹೊತ್ತುಕೊಂಡು ಹೋಯಿತು ಎಂದು ಕೆಲವರು. ಮೊಮ್ಮಗಳೇ ಅಜ್ಜಿಯ ಮರ್ಯಾದೆ ತೆಗೆದಳು ಎಂದು ಇನ್ನು ಕೆಲವರು. ಎರಡೂ ಸುಳ್ಳು. ನನ್ನ ಮರ್ಯಾದೆ ಎಲ್ಲಿತ್ತೋ ಅಲ್ಲೇ ಇದೆ, ಬೇಕಾದರೆ ಮನೆಗೆ ಬಂದು ನೋಡಿ.

ಇದನ್ನೆಲ್ಲ ಬರೆಯಲು ಕೂತದ್ದಕ್ಕೆ ಕಾರಣ ಒಂದು ಬೋಗುಣಿ. ಮೊನ್ನೆ ಸೊಸೆ ಅದನ್ನು ಗುಜರಿಯವನಿಗೆ ಹಾಕಲು ಅಂಗಳದಲ್ಲಿ ಇಟ್ಟಿದ್ದಳು. ಅಗಲ ಬಾಯಿಯ ಅಲ್ಯೂಮಿನಿಯಂ ಬೋಗುಣಿ, ತಳ ಕಪ್ಪು, ಒಂದು ಕಡೆ ನೆಗ್ಗಿದೆ. ಅನ್ನಕ್ಕೆ ಬಾರದು, ಸಾರಿಗೆ ಬಾರದು. ಎಷ್ಟೋ ಗಂಡಸರ ಕಾಲು ಅದರಲ್ಲಿ ಕೂತು ಎದ್ದಿವೆ, ಅದರಲ್ಲಿ ಅಡುಗೆ ಮಾಡಿದರೆ ಉಣ್ಣುವವರು ಯಾರು? ನಾನು ಅದನ್ನು ಎತ್ತಿ ಒಳಗೆ ತಂದು ಒಲೆಯ ಮೂಲೆಯಲ್ಲಿ ಕವುಚಿ ಹಾಕಿದೆ. ಸೊಸೆ ಮೂಗು ಮುರಿದಳು. ಮುರಿಯಲಿ.

ನಿಮಗೆ ತೊರಕೆ ಮೀನು ಗೊತ್ತಲ್ಲ, ಚಪ್ಪಟೆಯದು, ಬಾಲದ ಬುಡದಲ್ಲಿ ಗರಗಸದಂಥ ಮುಳ್ಳಿರುತ್ತದೆ. ದಂಡೆಯ ಹತ್ತಿರ ಮರಳಲ್ಲಿ ಹೂತುಕೊಂಡು ಮಲಗಿರುತ್ತದೆ. ಬಲೆ ಎಳೆಯುವವನು ನೋಡದೆ ಕಾಲಿಟ್ಟರೆ ಬಾಲ ಬೀಸಿ ಚುಚ್ಚುತ್ತದೆ. ಆ ನೋವು ಎಂಥದ್ದು ಎಂದರೆ, ಹೆಂಡತಿಯ ಹೆರಿಗೆಯ ದಿನ ಹೊರಗೆ ಬೀಡಿ ಸೇದುತ್ತಾ ಕೂತಿದ್ದ ಗಂಡಸೂ ಆವತ್ತು ಅವ್ವನ ಹೆಸರು ಕೂಗುತ್ತಾನೆ. ನಮ್ಮ ಕಡೆ ಅದಕ್ಕೆ ಔಷಧಿ ನಮ್ಮ ಮನೆಯಲ್ಲಿತ್ತು. ನನ್ನ ಅತ್ತೆ ಕೊಡುತ್ತಿದ್ದರು, ಅವರ ನಂತರ ನಾನು. ಬೋಗುಣಿಯಲ್ಲಿ ನೀರು, ನೀರಿಗೆ ಸೊಪ್ಪು, ಕುದಿಸುವುದು. ಕಾಲು ತಡೆಯುವಷ್ಟು ಬಿಸಿ ಇರುವಾಗ ಕಾಲನ್ನು ಅದರಲ್ಲಿ ಇಡಿಸುವುದು, ಆರಿದರೆ ಮತ್ತೆ ಬಿಸಿ ಹೊಯ್ಯುವುದು. ಕೂಗುತ್ತ ಬಂದವನು ಚಹ ಕುಡಿದು ಹೋಗುತ್ತಿದ್ದ.

ಈ ಸೊಪ್ಪಿಗೆ ಒಂದು ಕಟ್ಟುಪಾಡು ಇತ್ತು. ಅದರ ಹೆಸರನ್ನು ಯಾರ ಹತ್ತಿರವೂ ಹೇಳಬಾರದು, ಹೇಳಿದರೆ ಗುಣ ಹೋಗುತ್ತದೆ. ಅತ್ತೆಯೂ ನನಗೆ ಹೆಸರು ಹೇಳಿದವರಲ್ಲ, ಗಿಡ ತೋರಿಸಿದರು ಅಷ್ಟೇ. ಕೊಯ್ಯುವಾಗ ಮಾತಾಡಬಾರದು. ಕೊಯ್ದ ಮೇಲೆ ಮನೆಯ ಹೊಸ್ತಿಲು ದಾಟುವವರೆಗೂ ಮಾತಾಡಬಾರದು. ಗಿಡ ಇದ್ದದ್ದು ಅಗಸೂರಿನ ಕಡೆ, ನಾನು ಒಣಮೀನು ಮಾರಲು ಹೋಗುತ್ತಿದ್ದ ದಾರಿಯಲ್ಲಿ. ಹೋಗುವಾಗ ಬುಟ್ಟಿಯಲ್ಲಿ ತಾರ್ಲೆ ಮೀನು, ಬರುವಾಗ ಬುಟ್ಟಿಯಲ್ಲಿ ಸೊಪ್ಪು. ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಬೇಕು. ಹೊಸ ಕಂಡಕ್ಟರು ಬಂದಾಗಲೆಲ್ಲ ಪಜೀತಿ. ಒಬ್ಬ "ಎಲ್ಲಿಗೆ? ಎಲ್ಲಿಗೆ ಅಜ್ಜೀ?" ಎಂದು ಕೇಳಿ ಕೇಳಿ ಸೋತು, ನನ್ನನ್ನು ಮೂಕಿ ಎಂದು ತಿಳಿದು, ಕೈಸನ್ನೆ ಮಾಡಲು ಶುರುಮಾಡಿದ. ಹಿಂದಿನ ಸೀಟಿನಲ್ಲಿದ್ದ ಮೀನಿನ ಹೆಂಗಸರು ನಗು ತಡೆಯಲಾರದೆ ಹೇಳಿದರು.

"ಅದು ಮೂಕಿ ಅಲ್ಲ ತಮ್ಮಾ, ನಾಳೆ ಬೆಳಿಗ್ಗೆ ಮಾರ್ಕೆಟಿಗೆ ಬಾ, ಕಿವಿಗೆ ಹತ್ತಿ ಇಟ್ಕಂಡು ಬಾ."

ಮರುದಿನ ಆ ಹೆಂಗಸರಿಗೆ ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ರಂಜೂ ಚಿಕ್ಕವಳಿದ್ದಾಗ ಈ ಔಷಧಿ ಕೊಡುವ ದಿನ ಒಲೆಯ ಪಕ್ಕ ಬಂದು ಕೂರುತ್ತಿದ್ದಳು. ಬೇರೆ ಮಕ್ಕಳು ಕಾಲಿನ ರಕ್ತ ನೋಡುತ್ತಿದ್ದವು, ಇವಳು ಬೋಗುಣಿ ನೋಡುತ್ತಿದ್ದಳು. ಪ್ರಶ್ನೆ ಕೇಳುವುದು ಅವಳ ಹುಟ್ಟುಗುಣ. ನೀರು ಯಾಕೆ ಹಸಿರಾಯ್ತು, ಮುಳ್ಳು ಚುಚ್ಚಿದ್ದು ಕಾಲಿಗೆ, ಅವನು ತೊಡೆ ಯಾಕೆ ಹಿಡ್ಕಂಡಿದ್ದಾನೆ. ನಾನು "ಸುಮ್ಮನೆ ಕೂತ್ಕೋ" ಎನ್ನುತ್ತಿದ್ದೆ. ಸುಮ್ಮನೆ ಕೂರಲಿಲ್ಲ. ಅಂಕೋಲೆಯಲ್ಲಿ ಕಲಿತಳು, ಕಾರವಾರದಲ್ಲಿ ಕಲಿತಳು, ಆಮೇಲೆ ಘಟ್ಟ ಹತ್ತಿ ಔಷಧಿ ಕಾಲೇಜಿಗೆ ಹೋದಳು. ಒಂದು ರಜೆಯಲ್ಲಿ ಬಂದವಳು, ನಾನು ಬಂಗಡೆ ಕೊಯ್ಯುತ್ತಿದ್ದಾಗ ಎದುರು ಮಣೆ ಹಾಕಿ ಕೂತಳು.

"ಅಜ್ಜೀ, ನಿನ್ನ ಸೊಪ್ಪಿನ ಮೇಲೆ ಪಿಎಚ್.ಡಿ. ಮಾಡ್ತೆ."

"ಆ ಗಿಡ ನಿನ್ನ ಸೊಂಟಕ್ಕೂ ಬರೂದಿಲ್ಲ. ಅದ್ರ ಮೇಲೆ ವರ್ಷಗಟ್ಟಲೆ ಎಂತಾ ಮಾಡ್ತಿ?"

"ಅದ್ರೊಳಗೆ ಯಾವ ಔಷಧಿ ಅದೆ ಹೇಳಿ ಹುಡುಕೂದು. ಸಿಕ್ಕಿದ್ರೆ ಎಲ್ಲಾ ಕಡೆ ಮೀನು ಹಿಡಿಯೂರಿಗೆ ಉಪಯೋಗ ಆಗ್ತದೆ. ಅದ್ರ ಹೆಸರು ಹೇಳು."

"ಹೆಸರು ಹೇಳೂಕಿಲ್ಲ."

"ಹೆಸರಿಲ್ದೆ ಯಾರೂ ಒಪ್ಪೂದಿಲ್ಲ ಅಜ್ಜೀ."

"ಹೆಸರು ಹೇಳಿದ್ರೆ ಗುಣ ಹೋಗ್ತದೆ. ಗುಣ ಹೋದ ಸೊಪ್ಪಿಗೆ ನಿಂಗೆ ಯಾರು ಡಾಕ್ಟರ್ ಮಾಡ್ತಾರೆ?"

ಅವಳು ಮಣೆ ಇನ್ನಷ್ಟು ಹತ್ತಿರ ಎಳೆದುಕೊಂಡು, "ನೀ ಹೇಳ್ಬೇಡ. ತೋರ್ಸು ಸಾಕು. ಹೆಸರು ನಾ ಹುಡುಕ್ತೆ" ಎಂದಳು. ಇದಕ್ಕೆ ಕಟ್ಟುಪಾಡಿನಲ್ಲಿ ಅಡ್ಡಿ ಇರಲಿಲ್ಲ. ತೋರಿಸಬಾರದು ಎಂದು ಅತ್ತೆ ಹೇಳಿರಲಿಲ್ಲ. ಹುಡುಗಿ ಬುದ್ಧಿವಂತೆ ಎಂದು ನನಗೆ ಆವತ್ತೇ ಗಟ್ಟಿಯಾಯಿತು.

ಇಬ್ಬರೂ ಅಗಸೂರಿಗೆ ಹೋದೆವು. ನಾನು ಬಾಯಿ ಮುಚ್ಚಿ ಬೆರಳು ತೋರಿಸಿದೆ. ಅವಳು ಹೂವಿದ್ದ ಕೊಂಬೆ ಕತ್ತರಿಸಿದಳು, ಫೋಟೋ ಹೊಡೆದಳು, ಬೇರಿನ ಮಣ್ಣು ಮೂಸಿದಳು, ಎರಡು ಗಿಡ ಬೇರುಸಮೇತ ಕಿತ್ತು ನಮ್ಮ ಅಂಗಳದಲ್ಲಿ ನೆಡಲು ತಂದಳು. ಮನೆಗೆ ಬಂದು ಕೊಂಬೆಯನ್ನು ಪೇಪರಿನ ನಡುವೆ ಚಪ್ಪಟೆ ಮಾಡಿ, ಮೇಲೆ ಈ ಬೋಗುಣಿಯನ್ನೇ ನೀರು ತುಂಬಿಸಿ ಇಟ್ಟಳು. ಗಿಡವನ್ನು ಒಣಗಿಸಿ ರಟ್ಟಿಗೆ ಅಂಟಿಸಿ ಕಾಲೇಜಿನಲ್ಲಿ ಇಟ್ಟುಕೊಳ್ಳುತ್ತಾರಂತೆ, ನಾಳೆ ಯಾರಾದರೂ ಸುಳ್ಳು ಎಂದರೆ ತೆಗೆದು ತೋರಿಸಲು. ಅಲ್ಲಿಯ ಗಿಡದ ಪಂಡಿತರು ಅದಕ್ಕೊಂದು ಉದ್ದ ಹೆಸರು ಹೇಳಿದರು. ಆ ಹೆಸರು ಅವಳ ಪುಸ್ತಕದಲ್ಲಿದೆ. ನಾನು ಇಲ್ಲಿ ಬರೆಯುವುದಿಲ್ಲ. ಬಾಯಿ ಮುಚ್ಚಿ ಇಷ್ಟು ವರ್ಷ ರೂಢಿಯಾಗಿದೆ, ಅಷ್ಟೇ.

ಇನ್ನೊಂದು ಕೆಲಸ ನನಗೆ ಹೇಳಿ ಹೋಗಿದ್ದಳು. ಸೊಪ್ಪನ್ನು ನೆರಳಲ್ಲಿ ಒಣಗಿಸಿ ಚೀಲ ತುಂಬಿ ಇಡು, ಮುಂದಿನ ಸಲ ಬಂದು ಒಯ್ಯುತ್ತೇನೆ ಎಂದು. ನೆರಳಲ್ಲಿ! ನಾನು ಹುಟ್ಟಿದಾಗಿನಿಂದ ಒಣಗಿಸುವ ಕೆಲಸ ಮಾಡಿದವಳು. ನೆರಳಲ್ಲಿ ಒಣಗಿಸುವುದು ಸೋಮಾರಿಗಳ ಕೆಲಸ ಎಂದು ನನ್ನ ಲೆಕ್ಕ. ಜಗಲಿಯಲ್ಲಿ ಹರವಿದ ಸೊಪ್ಪು ಬಾಡಿದ ಹೆಂಗಸಿನ ಹಾಗೆ ಬಿದ್ದುಕೊಂಡಿತ್ತು. ನಾನು ಅದನ್ನು ಹೊತ್ತು ದಂಡೆಗೆ ತಂದು, ತಾರ್ಲೆ ಒಣಹಾಕಿದ ಹಳೇ ಬಲೆಯ ಪಕ್ಕದಲ್ಲೇ ಮರಳ ಮೇಲೆ ಚಂದ ಮಾಡಿ ಹರವಿದೆ. ಒಳ್ಳೇ ಬಿಸಿಲು, ಒಳ್ಳೇ ಗಾಳಿ. ಎರಡೇ ದಿನಕ್ಕೆ ಹಪ್ಪಳದ ಹಾಗೆ ಆಯಿತು. ಚೀಲ ತುಂಬಿ ಬಾಯಿ ಹೊಲಿದು ಕೊಟ್ಟೆ.

ಮುಂದೆ ಒಂದು ದಿನ ಫೋನು ಬಂತು.

"ಅಜ್ಜೀ, ಸೊಪ್ಪು ಎಲ್ಲಿ ಒಣಗಿಸಿದ್ದೆ?"

"ಯಾಕೆ? ಒಣಗಿಲ್ವಾ?"

"ಒಣಗಿದೆ. ಇಲ್ಲಿ ಸೊಪ್ಪನ್ನು ಸುಟ್ಟು ಬೂದಿ ತೂಗ್ತಾರೆ. ಎಷ್ಟು ಬೂದಿ ಬರ್ಬೇಕೋ ಅದ್ರ ಎಷ್ಟೋ ಪಟ್ಟು ಬಂದದೆ. ಅರ್ಧ ಮರಳು. ಉಳಿದದ್ದು ಉಪ್ಪು. ಗೈಡ್ ಮೇಡಂ ಕೇಳಿದ್ರು, ರಂಜಿತಾ, ನೀನು ತಂದದ್ದು ಎಲೆಯೋ, ಸಮುದ್ರವೋ ಹೇಳಿ."

"ನಿನ್ನ ಮೇಡಮ್ಮಿಗೆ ಸಮುದ್ರ ನೋಡಿ ಗೊತ್ತದೆಯಾ?"

"ಇವತ್ತು ಮೂಗಿಗೆ ಗೊತ್ತಾಯ್ತು. ಚೀಲ ಬಿಚ್ಚಿದ ಕೂಡ್ಲೆ ಲ್ಯಾಬಿನ ಬಾಗಿಲಿಗೆ ಬೆಕ್ಕು ಬಂದು ಕೂತದೆ ಅಜ್ಜೀ. ಹೋಗೂದೇ ಇಲ್ಲ."

ಆ ಚೀಲ ಚೆಲ್ಲಿದರು. ಅವಳು ಮತ್ತೆ ಬಂದಳು, ಮತ್ತೆ ಅಗಸೂರು, ಮತ್ತೆ ಮೂಕ ಪ್ರಯಾಣ. ಈ ಸಲ ಸೊಪ್ಪು ಅಟ್ಟದ ಮೇಲೆ ಒಣಗಿತು, ಏಣಿಯನ್ನು ಅವಳು ತೆಗೆದಿಟ್ಟು ಹೋದಳು. ನನ್ನ ಮೇಲೆ ಅಷ್ಟು ನಂಬಿಕೆ.

ಅದೇ ಸಮಯದಲ್ಲಿ ಅವಳಿಗೆ ಇನ್ನೊಂದು ಹುಚ್ಚು ಹತ್ತಿತು. ಮಾಜಾಳಿಯಿಂದ ಈಚೆ ದಂಡೆ ದಂಡೆ ತಿರುಗಿ, ತೊರಕೆ ಚುಚ್ಚಿದರೆ ಯಾರು ಎಂಥ ಸೊಪ್ಪು ಹಾಕುತ್ತಾರೆ ಎಂದು ಕೇಳುವುದು. ನಾನು ಹೇಳಿದೆ, ಬೇರೆಯವರದೆಲ್ಲ ಸುಳ್ಳು, ನಮ್ಮದೊಂದೇ ಔಷಧಿ. ಅದರಲ್ಲೂ ಕಾಳಿ ನದಿಯ ಆಚೆ ಸದಾಶಿವಗಡದಲ್ಲಿ ಶಾಂತಾಬಾಯಿ ಎನ್ನುವವಳು ಕೊಡುತ್ತಿದ್ದದ್ದು ಶುದ್ಧ ಮೋಸ ಎಂದು ನನ್ನ ಗಟ್ಟಿ ಅಭಿಪ್ರಾಯ. ಮಾರ್ಕೆಟಿನಲ್ಲಿ ಎದುರಾದರೆ ನಾವು ಒಬ್ಬರ ಮೀನನ್ನು ಒಬ್ಬರು ನೋಡುತ್ತಿದ್ದೆವೇ ಹೊರತು ಮುಖ ನೋಡುತ್ತಿರಲಿಲ್ಲ. ರಂಜೂ ನನ್ನನ್ನು ಅಲ್ಲಿಗೂ ಎಳೆದುಕೊಂಡು ಹೋದಳು. ಹೆಂಗಸರು ಹೆಂಗಸರಿಗೆ ಬೇಗ ಬಾಯಿ ಬಿಡುತ್ತಾರೆ ಎಂದು ಅವಳ ಅಂದಾಜು. ಕಾಲೇಜಿನಲ್ಲಿ ಇದನ್ನು ಕಲಿಸಿರಲಿಕ್ಕಿಲ್ಲ.

ಶಾಂತಾಬಾಯಿ ಬಾಗಿಲಲ್ಲೇ ನಿಂತು ಮಾತಾಡಿದಳು.

"ಬಾ ಗೇ ಗುಲಾಬಿ. ನಿನ್ನ ಸೊಪ್ಪು ಮುಗೀತೇನು, ನಮ್ಮ ದಾರಿ ಹಿಡಿದೆ?"

"ಮುಗಿಯೂಕೆ ಅದೇನು ಅಂಗಡಿಯ ಸಕ್ಕರೆಯಾ? ಮೊಮ್ಮಗಳು ಕಲೀತಾಳೆ. ನಿಂದೂ ಒಂದು ಮುಷ್ಟಿ ಕೊಡು, ನೋಡ್ವ ಅದ್ರಲ್ಲಿ ಎಂತಾ ಅದೆ ಹೇಳಿ."

"ನನ್ನದನ್ನ ನೋಡೂಕೆ ಪುಣ್ಯ ಬೇಕು."

ರಂಜೂ ನಡುವೆ ಬಂದು, "ಬಾಯೀ, ನೀವು ಹೆಸರು ಹೇಳ್ಬೇಡಿ, ತೋರ್ಸಿದ್ರೆ ಸಾಕು" ಎಂದಳು. ಅದೇ ಮಾತು! ನನಗೆ ಹೇಳಿದ್ದನ್ನೇ ಅಕ್ಷರ ಬಿಡದೆ ಅವಳಿಗೂ ಹೇಳಿದಳು. ನನಗೊಬ್ಬಳಿಗೇ ಹೇಳಿದ್ದು ಎಂದು ತಿಳಿದಿದ್ದೆ. ಶಾಂತಾಬಾಯಿ ಸೆರಗಿನ ಮರೆಯಲ್ಲಿ ಸೊಪ್ಪು ತಂದು, ನನ್ನ ಕಡೆ ಬೆನ್ನು ಮಾಡಿ ನಿಂತು ಕೊಟ್ಟಳು. ಬಸ್ಸಿನಲ್ಲಿ ನಾನು ಚೀಲದೊಳಗೆ ಇಣುಕಿದೆ. ನನ್ನದಲ್ಲ. ಬೇರೆಯೇ ಎಲೆ, ಬೇರೆಯೇ ವಾಸನೆ. ನಾನು ಖುಷಿಯಾದೆ. ರಂಜೂ ಕಿಟಕಿಯ ಹೊರಗೆ ನೋಡುತ್ತಾ ಕೂತಳು. ಒಂದೊಂದು ದಂಡೆಗೂ ಒಂದೊಂದು ಸೊಪ್ಪು ಸಿಕ್ಕಿತ್ತು ಅವಳಿಗೆ. ಎಲ್ಲರೂ ಗುಣ ಆಗುತ್ತದೆ ಎಂದೇ ಹೇಳಿದ್ದರು.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಹೇಳದೆ ಕೇಳದೆ ಬಂದಳು. ಬ್ಯಾಗು ಹೆಗಲಿನಿಂದ ಇಳಿಸಲಿಲ್ಲ. ಏಡಿ ಸಾರು ಮಾಡಿದ್ದೆ, ತಟ್ಟೆಯ ಮುಂದೆ ಕೂತು ಕಾಲು ಮುರಿಯದೆ ಬಿಟ್ಟಳು. ಏಡಿಯ ಕಾಲು ಬಿಡುವವಳಲ್ಲ ಅವಳು. ನನಗೆ ಗೊತ್ತಾಯಿತು.

"ಎಂತಾ ಆಯ್ತು ಹೇಳು. ಯಾರಾದ್ರೂ ಹುಡುಗನಾ?"

"ಅಲ್ಲ ಅಜ್ಜೀ. ಸೊಪ್ಪು."

"ಮತ್ತೆ ಮರಳಾ?"

"ಮರಳಿಲ್ಲ. ಎಂತದೂ ಇಲ್ಲ." ಅವಳು ತಟ್ಟೆ ನೋಡುತ್ತಾ ಹೇಳಿದಳು. "ಎಷ್ಟು ಸಲ ಮಾಡಿದೆ. ನೀರಲ್ಲಿ ಸಾರ ತೆಗ್ದೆ, ಬೇರೆ ಬೇರೆದ್ರಲ್ಲಿ ತೆಗ್ದೆ. ಇಲಿಗಳ ನೋವಿಗೆ ನೋಡಿದೆ. ಮುಳ್ಳಿನ ವಿಷದ ಜೊತೆ ಕೂಡ್ಸಿ ನೋಡಿದೆ. ಆ ನೋವಿಗೆ ನಿನ್ನ ಸೊಪ್ಪಲ್ಲಿ ಎಂತದೂ ಇಲ್ಲ."

ನಾನು ಕೇಳಿದೆ, "ಶಾಂತಾಬಾಯಿದ್ರಲ್ಲಿ?"

"ಅದ್ರಲ್ಲೂ ಇಲ್ಲ."

"ಹಂಗಾದ್ರೆ ಅಡ್ಡಿಲ್ಲ. ಉಣ್ಣು."

ಅಡ್ಡಿಲ್ಲ ಎಂದೆನೇ ಹೊರತು ಅಡ್ಡಿ ಇತ್ತು. ಬೇಜಾರಾಗಲಿಲ್ಲವೇ ಎಂದು ನೀವು ಕೇಳಿದರೆ, ಆಯಿತು. ಆ ಸಂಜೆ ನಾನು ಕೊಯ್ದ ಮೀನಿನಲ್ಲಿ ಮಡಕೆಗೆ ಬಿದ್ದದ್ದಕ್ಕಿಂತ ತಿಪ್ಪೆಗೆ ಹೋದದ್ದೇ ಹೆಚ್ಚು ಎಂದು ಸೊಸೆ ಈಗಲೂ ಹೇಳುತ್ತಾಳೆ. ಆದರೆ ಹುಡುಗಿಯ ಕಷ್ಟ ನನ್ನದಕ್ಕಿಂತ ದೊಡ್ಡದಿತ್ತು. ಅವಳು ಓದಿದ ವರ್ಷಗಳೆಲ್ಲ ಆ ಒಂದು ಸೊಪ್ಪಿನ ಮೇಲೆ ಕೂತಿದ್ದವು. ಪರೀಕ್ಷೆ ಮಾಡುವವರು ಇದೆ ಎನ್ನುವುದನ್ನು ಕೇಳಲು ಬರುತ್ತಾರೆ, ಇಲ್ಲ ಎನ್ನುವುದನ್ನು ಕೇಳಲು ಯಾರು ಬರುತ್ತಾರೆ? ಜೊತೆಗೆ ಓದುವವರು ಹೇಳಿದ್ದರಂತೆ, ಈ ಸೊಪ್ಪು ಬಿಟ್ಟುಬಿಡು, ಎಲ್ಲರಿಗೂ ಗೊತ್ತಿರುವ ಗಿಡ ಯಾವುದಾದರೂ ಹಿಡಿದು ಮೊದಲಿನಿಂದ ಮಾಡು ಎಂದು. ಗೈಡ್ ಮೇಡಂ ಮಾತ್ರ, ನೀನೇ ಯೋಚನೆ ಮಾಡು, ಊರಿಗೆ ಹೋಗಿ ಬಾ ಎಂದು ಕಳಿಸಿದ್ದರು.

"ಹಂಗೇ ಬರೆದ್ರೆ ಡಿಗ್ರಿ ಸಿಕ್ತದೋ ಇಲ್ವೋ ಗೊತ್ತಿಲ್ಲ. ನಿನ್ನ ಹೆಸರಂತೂ ಹೋಗ್ತದೆ ಅಜ್ಜೀ."

"ಸುಳ್ಳು ಬರೆದ್ರೆ?"

"ಬರೆಯೂದಿಲ್ಲ."

"ಮತ್ತೆ ನನ್ನನ್ನೆಂತಾ ಕೇಳೂದು? ನನ್ನ ಹೆಸರು ಒಂದು ಮುಷ್ಟಿ ಸೊಪ್ಪಿನ ಮೇಲೆ ನಿಂತಿದ್ರೆ ಬೀಳ್ಲಿ. ಆದ್ರೆ ಒಂದು ಹೇಳು. ಕೂಗ್ತಾ ಬಂದವ್ರು ನಗ್ತಾ ಹೋಗಿದ್ದು ನಾ ಕಣ್ಣಾರೆ ಕಂಡಿದ್ದೆ. ಅದು ಸುಳ್ಳಾ?"

ರಂಜೂ ತಲೆ ಎತ್ತಿದಳು. "ಅದು ಸುಳ್ಳಲ್ಲ. ಅದೇ ನನ್ನ ತಲೆ ತಿಂತಾ ಅದೆ."

ಅವಳು ಆ ಸಲ ಬೇಗ ಹೋಗಲಿಲ್ಲ. ದಿನಾ ದಂಡೆಗೆ ಹೋಗಿ ಕೂರುತ್ತಿದ್ದಳು. ಒಂದು ದಿನ ನಮ್ಮ ಪಕ್ಕದ ಮನೆಯ ಹುಡುಗನೊಬ್ಬನ ಅಪ್ಪನಿಗೆ ತೊರಕೆ ಚುಚ್ಚಿ, ನಾನು ಎಂದಿನ ಹಾಗೆ ಬೋಗುಣಿ ಇಟ್ಟೆ. ಅವಳು ಚಿಕ್ಕವಳಿದ್ದಾಗ ಕೂರುತ್ತಿದ್ದ ಜಾಗದಲ್ಲೇ ಕೂತಳು. ನೀರು ಆರುತ್ತಾ ಬಂದ ಹಾಗೆ ಅವನು ಮತ್ತೆ ಹಲ್ಲು ಕಚ್ಚಿದ. ನಾನು ಬಿಸಿ ಹೊಯ್ದೆ, ಹಲ್ಲು ಸಡಿಲಾಯಿತು. ಮತ್ತೆ ಆರಿತು, ಮತ್ತೆ ಕಚ್ಚಿದ. ಅವಳು ಎದ್ದು ನಿಂತಳು.

"ಅಜ್ಜೀ, ಎಲ್ಲಾರ ಸೊಪ್ಪೂ ಬೇರೆ ಬೇರೆ. ಎಲ್ಲಾರ ಮನೆ ಒಲೆ ಒಂದೇ!"

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಮಾಜಾಳಿಯವರದಾಗಲಿ, ಸದಾಶಿವಗಡದ್ದಾಗಲಿ, ನಮ್ಮದಾಗಲಿ, ಸೊಪ್ಪು ಯಾವುದಿದ್ದರೂ ನೀರು ಸುಡುವ ಹಾಗೆ ಬಿಸಿ. ಆ ಮೀನಿನ ವಿಷ ಬಿಸಿಗೆ ತಡೆಯುವುದಿಲ್ಲ, ಕೆಟ್ಟುಹೋಗುತ್ತದೆ, ಬೇರೆ ದೇಶದ ಡಾಕ್ಟರುಗಳೂ ಇದನ್ನು ಹೇಳಿದ್ದಾರೆ ಎಂದು ಅವಳು ಎಲ್ಲೋ ಓದಿದ್ದಳಂತೆ, ಆದರೆ ಸೊಪ್ಪಿನ ಗುಂಗಿನಲ್ಲಿ ಅದು ತಲೆಗೆ ಹತ್ತಿರಲಿಲ್ಲ. ನನಗೂ ಹತ್ತಿರಲಿಲ್ಲ. ನೀರು ನನಗೆ ಸೊಪ್ಪು ಬೇಯಿಸುವ ಸಾಮಾನು, ಅಷ್ಟೇ ಆಗಿತ್ತು.

ಆಮೇಲೆ ಮಾಡಿದ್ದು ನೋಡಿ, ಅದು ಅವಳ ನಿಜವಾದ ವಿದ್ಯೆ. ಆಸ್ಪತ್ರೆಯವರ ಒಪ್ಪಿಗೆ ಪಡೆದು, ಅಲ್ಲಿಯ ಡಾಕ್ಟರರ ಎದುರು, ಒಪ್ಪಿದವರಿಗೆ ಮಾತ್ರ, ಎರಡು ಬಗೆಯ ನೀರು. ಬಿಸಿ ಎರಡರಲ್ಲೂ ಒಂದೇ, ಅಳೆದು ನೋಡಿಯೇ ಇಡುವುದು. ಒಂದರಲ್ಲಿ ನನ್ನ ಸೊಪ್ಪು. ಇನ್ನೊಂದರಲ್ಲಿ ಹಲಸಿನ ಎಲೆ, ಬಣ್ಣಕ್ಕೆ ಇರಲಿ ಎಂದು. ಯಾವುದು ಯಾವುದೆಂದು ಕಾಲಿಡುವವನಿಗೆ ಹೇಳುವ ಹಾಗಿಲ್ಲ. ನನ್ನನ್ನು ಆಸ್ಪತ್ರೆಯ ಗೇಟಿನ ಹೊರಗೇ ಕೂರಿಸಿದ್ದರು, ಮುಖ ನೋಡಿದರೆ ಗೊತ್ತಾಗುತ್ತದೆ ಎಂದು. ಬಲೆ ಎಳೆಯುವ ವಸಂತ, ಬಾಯಿಬಡುಕ, ಹಲಸಿನ ಎಲೆಯ ನೀರಿನಲ್ಲಿ ಕಾಲಿಟ್ಟವನು ಹೊರಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಗುಲಾಬಜ್ಜಿ ಸೊಪ್ಪು ಅಂದ್ರೆ ಸೊಪ್ಪು ಮಾರಾಯ್ರೇ! ಹಂಗೇ ಎಳ್ಕಂಡು ಹೋತು ನೋವು!"

ಆವತ್ತು ಅವನು ಕಾಲಿಟ್ಟದ್ದು ಯಾವುದರಲ್ಲಿ ಎಂದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಅವನಿಗೆ ಗೊತ್ತಾದದ್ದು ಮೌಖಿಕ ಪರೀಕ್ಷೆಯ ದಿನ, ತುಂಬಿದ ಸಭೆಯಲ್ಲಿ.

ಆ ಪರೀಕ್ಷೆಗೆ ಯಾರು ಬೇಕಾದರೂ ಬಂದು ಕೂರಬಹುದಂತೆ. ಇಡೀ ಕೇರಿ ಬಂತು. ಒಂದು ಟೆಂಪೋ ಮಾಡಿಕೊಂಡು, ಶೇಂಗಾ ತಿನ್ನುತ್ತಾ ಘಟ್ಟ ಹತ್ತಿದೆವು. ಸೊಪ್ಪು ಕೊಟ್ಟವಳು ತಾನೂ ಎಂದು ಶಾಂತಾಬಾಯಿ ಕೂಡ ಸದಾಶಿವಗಡದಿಂದ ಬಂದು ಮುಂದಿನ ಸೀಟು ಹಿಡಿದಿದ್ದಳು. ಎಲ್ಲರೂ ಹೊರಟದ್ದು ನಮ್ಮ ಊರಿನ ಸೊಪ್ಪು ಗೆಲ್ಲುವುದನ್ನು ನೋಡಲು. ರಂಜೂ ಏನು ಹೇಳಲಿದ್ದಾಳೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ನನ್ನ ಪಾಲಿನ ಶೇಂಗಾವನ್ನು ಪಕ್ಕದವರಿಗೆ ಕೊಟ್ಟೆ.

ಅವಳು ನನ್ನದೇ ಹಳೇ ಅಂಚಿನ ಸೀರೆ ಉಟ್ಟಿದ್ದಳು. ಗೋಡೆಯ ಮೇಲೆ ಚಿತ್ರ ಬಿಡುತ್ತಾ ಮಾತಾಡಿದಳು. ಅಗಸೂರಿನ ಗಿಡ ಬಂತು, ನಮ್ಮ ದಂಡೆ ಬಂತು, ಬೋಗುಣಿ ಬಂದಾಗ ನಮ್ಮವರು ಚಪ್ಪಾಳೆ ಹೊಡೆದರು. ದೂರದಿಂದ ಬಂದಿದ್ದ ಪರೀಕ್ಷಕರು, ನರೆತ ಕೂದಲಿನ ಗಂಡಸು, ಕನ್ನಡಕ ತೆಗೆದು ಕೇಳಿದರು, "ಹಾಗಾದರೆ ನೀವು ಕಂಡುಹಿಡಿದ ಹೊಸ ಔಷಧಿ ಯಾವುದು?"

"ಹೊಸ ಔಷಧಿ ಇಲ್ಲ ಸರ್. ಈ ನೋವಿಗೆ ಈ ಎಲೆಗಳಲ್ಲಿ ಯಾವುದರಲ್ಲೂ ಔಷಧಿ ಇಲ್ಲ. ಕೆಲಸ ಮಾಡಿದ್ದು ಬಿಸಿನೀರು."

ನಮ್ಮ ಸಾಲಿನಲ್ಲಿ ಯಾರೋ "ಅಯ್ಯೋ ದೇವ್ರೇ" ಎಂದರು. ಅವಳು ನಿಲ್ಲಿಸಲಿಲ್ಲ. ನೀರು ಕುಡಿದಳು, ಮುಂದೆ ಹೇಳಿದಳು. ಹಲಸಿನ ಎಲೆಯ ವಿಷಯ ಬಂದಾಗ ವಸಂತ ನನ್ನ ಕಡೆ ತಿರುಗಿದ, ನಾನು ಗೋಡೆ ನೋಡಿದೆ. ಸೊಪ್ಪು ಹುಡುಕುತ್ತಾ ಹೊತ್ತು ಕಳೆಯಬೇಡಿ, ಬಿಸಿನೀರು ಎಲ್ಲ ದೋಣಿಯಲ್ಲೂ ಕಾಯಿಸಬಹುದು, ಆದರೆ ನೋವಿನ ಕಾಲಿಗೆ ಬಿಸಿ ತಿಳಿಯುವುದಿಲ್ಲ, ಸುಟ್ಟುಕೊಳ್ಳುತ್ತಾರೆ, ಆದ್ದರಿಂದ ಒಳ್ಳೆಯ ಕಾಲನ್ನು ಮೊದಲು ಇಟ್ಟು ನೋಡಿ, ಆಮೇಲೆ ಆಸ್ಪತ್ರೆಗೆ ಹೋಗಿ ಮುಳ್ಳಿನ ಚೂರು ತೆಗೆಸಿ ಎಂದಳು. ಇದೆಲ್ಲ ಹೇಳುವಾಗ ಅವಳು ಪರೀಕ್ಷಕರನ್ನು ನೋಡುತ್ತಿರಲಿಲ್ಲ, ನಮ್ಮ ಸಾಲನ್ನು ನೋಡುತ್ತಿದ್ದಳು.

ಪರೀಕ್ಷಕರು ಬಹಳ ಪ್ರಶ್ನೆ ಕೇಳಿದರು. ಅವಳು ಒಂದಕ್ಕೂ ಕಣ್ಣು ತಗ್ಗಿಸಲಿಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ಕೊನೆಗೆ ಅವರು ಹಿಂದೆ ನೋಡಿ, "ಇವರ ಅಜ್ಜಿ ಬಂದಿದ್ದಾರೆಯೇ? ಅಜ್ಜೀ, ನಿಮಗೆ ಬೇಸರವಾಯಿತೇ?" ಎಂದರು.

ನಾನು ಎದ್ದು ನಿಂತೆ. "ಬೇಜಾರು ಆಗೂದು ಆಗಿ ಮುಗೀತು ಸಾಹೇಬ್ರೇ. ಹುಡುಗಿ ಇದ್ದದ್ದನ್ನ ಇದ್ದ ಹಂಗೆ ಹೇಳಿದ್ಳು. ಇನ್ನು ನೀವು ಕೊಡೂದು ಕೊಡಿ, ನಮ್ಮ ಟೆಂಪೋ ಕಾಯ್ತಾ ಅದೆ."

ಅವರು ನಕ್ಕರು. ಆಮೇಲೆ ಎದ್ದು ನಿಂತು, ಇಲ್ಲ ಎಂದು ಇಷ್ಟು ಚೆನ್ನಾಗಿ ಸಾಧಿಸಿದವರನ್ನು ತಾವು ಕಡಿಮೆ ನೋಡಿದ್ದು ಎಂದು ಹೇಳಿ, ಅವಳನ್ನು ಡಾಕ್ಟರ್ ರಂಜಿತಾ ಎಂದು ಕರೆದರು. ಗೈಡ್ ಮೇಡಂ ಕಣ್ಣೊರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ. ಸೀರೆಯ ನೆರಿಗೆ ಸರಿ ಮಾಡಿಕೊಂಡೆ, ಅಷ್ಟೇ.

ಆದರೆ ಇಳಿಯುವ ಟೆಂಪೋದಲ್ಲಿ ಶೇಂಗಾ ಇರಲಿಲ್ಲ, ಮಾತೂ ಇರಲಿಲ್ಲ. ರಂಜೂ ನನ್ನ ಪಕ್ಕದಲ್ಲಿ ಕಿಟಕಿಗೆ ತಲೆ ಇಟ್ಟು ಕೂತಿದ್ದಳು. ಘಟ್ಟದ ತಿರುವಿನಲ್ಲಿ ಶಾಂತಾಬಾಯಿ ಮುಂದಿನ ಸೀಟಿನಿಂದ ಶುರುಮಾಡಿದಳು.

"ಗುಣ ಇತ್ತು. ಇಲ್ದೆ ಎಂತಾ? ಹೆಸರು ಪುಸ್ತಕಕ್ಕೆ ಹಾಕಿದ್ರಲ್ಲ, ಅದಕ್ಕೇ ಹೋತು."

"ಹೌದಲ್ಲ!" ವಸಂತನಿಗೆ ದಾರಿ ಸಿಕ್ಕಿದ ಹಾಗಾಯಿತು. "ಅಜ್ಜಿ ಬಾಯಿ ಮುಚ್ಕಂಡಿದ್ಳು, ಮೊಮ್ಮಗಳು ಬಿಚ್ಚಿದ್ಳು. ಇನ್ನು ತೊರಕೆ ಚುಚ್ಚಿದ್ರೆ ನಾವೆಲ್ಲಿ ಹೋಗೂದು?"

ಟೆಂಪೋ ಪೂರ್ತಿ ಹೌದು ಹೌದು ಎಂದಿತು. ಒಂದು ಸಭೆಯನ್ನು ಗೆದ್ದು ಬಂದವಳು ಒಂದು ಟೆಂಪೋಕ್ಕೆ ಸೋತು ಕೂತಳು. ಅವಳ ಪುಸ್ತಕ ಕಾಲೇಜಿನ ಕಪಾಟಿನಲ್ಲಿ ಗೆದ್ದು, ಬೇಲೆಕೇರಿಯ ದಂಡೆಯಲ್ಲಿ ಸೋತರೆ ಅದನ್ನು ಬರೆದು ಏನು ಬಂತು? ವಾಂತಿ ಬರುವ ತಿರುವುಗಳಲ್ಲಿ ನಾನು ಜಗಳ ಮಾಡುವುದಿಲ್ಲ.

ಮರುದಿನ ಬೆಳಿಗ್ಗೆ ಬಲೆ ಎಳೆಯುವ ಹೊತ್ತಿಗೆ ದಂಡೆಯಿಂದ ಕೂಗು ಬಂತು. ಇಬ್ಬರ ಹೆಗಲ ಮೇಲೆ ಒಂದೇ ಕಾಲಲ್ಲಿ ಕುಪ್ಪಳಿಸುತ್ತಾ ವಸಂತನೇ ಬಂದ. ತೊರಕೆಗಳಿಗೆ ನಮ್ಮ ಜಗಳ ಯಾರು ಹೇಳಿದರೋ. ರಂಜೂ ಹಲ್ಲುಜ್ಜುತ್ತಾ ಅಂಗಳಕ್ಕೆ ಬಂದವಳು ಅಲ್ಲೇ ನಿಂತಳು. ಅವನ ಹಿಂದೆ ಅರ್ಧ ಕೇರಿ ನಿಂತಿತು.

ನಾನು ಬೋಗುಣಿ ಒಲೆಗೆ ಇಟ್ಟೆ, ನೀರು ಹೊಯ್ದೆ.

"ಅಜ್ಜೀ... ಸೊಪ್ಪು... ಸೊಪ್ಪು ಹಾಕು!" ವಸಂತ ಅವ್ವನ ಹೆಸರಿನ ನಡುವೆ ಕೂಗಿದ.

ಸೊಪ್ಪು ಅಂಗಳದಲ್ಲೇ ಇತ್ತು, ರಂಜೂ ನೆಟ್ಟ ಎರಡು ಗಿಡ, ಈಗ ಪೊದೆಯಾಗಿದ್ದವು. ನಾನು ಹೋಗಿ ಎರಡು ಮುಷ್ಟಿ ಕೊಯ್ದೆ. ಕೊಯ್ಯುವಾಗ ಬಾಯಿ ಬಿಟ್ಟು ಎಲ್ಲರಿಗೂ ಕೇಳುವ ಹಾಗೆ "ನಮ್ಮ ಆಡು ಎಲ್ಲಿ ಅದೆ?" ಎಂದೆ. ತಂದು ಮನೆಯ ಆಡಿನ ಮುಂದೆ ಹಾಕಿದೆ. ಅದು ಕರಕರ ತಿಂದಿತು.

ನೀರು ಇಳಿಸಿದೆ. "ಮೊದ್ಲು ಒಳ್ಳೇ ಕಾಲು ಇಡು."

"ಒಳ್ಳೇ ಕಾಲಿಗೆ ಎಂತಾ ಆಗಿದೆ?"

"ಇಡು ಅಂದ್ರೆ ಇಡು. ಡಾಕ್ಟರು ಹೇಳಿದಾರೆ."

ಇಟ್ಟ, ಎಳೆದ. ಸ್ವಲ್ಪ ತಣ್ಣೀರು ಬೆರೆಸಿದೆ, ಮತ್ತೆ ಇಟ್ಟ, ತಡೆಯಿತು. ಆಮೇಲೆ ನೋವಿನ ಕಾಲು ಇಡಿಸಿದೆ. ಆರಿದ ಹಾಗೆಲ್ಲ ಒಳ್ಳೇ ಕಾಲಿನಿಂದ ನೋಡಿ ಬಿಸಿ ಹೊಯ್ದೆ. ಅವ್ವನ ಹೆಸರು ಸಣ್ಣದಾಗುತ್ತಾ ಬಂದು ನಿಂತೇ ಹೋಯಿತು. ಸೊಸೆ ಚಹ ತಂದಳು. ವಸಂತ ಎರಡು ಗುಟುಕು ಕುಡಿದು ಬೋಗುಣಿಯೊಳಗೆ ಬಗ್ಗಿ ನೋಡಿದ. ತಿಳಿನೀರಿನಲ್ಲಿ ತನ್ನ ಕಾಲು ತನಗೇ ಸ್ಪಷ್ಟ ಕಾಣುತ್ತಿತ್ತು.

"ಇದೆಂತಾ ಅಜ್ಜೀ ಹಾಕಿದ್ದು?" ಎಂದು ಪಿಸುಗುಟ್ಟಿದ.

"ನೀರು."

"ಶ್ಶ್! ಹೆಸರು ಹೇಳಿದ್ರೆ ಗುಣ ಹೋಗೂದಿಲ್ವಾ?"

"ಹೋಗೂದಿಲ್ಲ," ಎಂದೆ. "ಜೋರಾಗಿ ಹೇಳು. ಸದಾಶಿವಗಡಕ್ಕೆ ಕೇಳ್ಲಿ."